ಕಪ್ಪಗಿದೆ ಅಂದ ಮಾತ್ರಕ್ಕೆ ಅದು ಹೊಸ ಇಲಿ ಆಗಲ್ಲ

"ಮೇಡಂ, ಇದು ಖಂಡಿತ ಹೊಸ ಉಪಪ್ರಭೇದ." ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಜೊತೆಗೆ ಒಂದು ಫೋಟೊ, ಇಲ್ಲವೇ ಹತ್ತಿ ತುಂಬಿದ ಎರಡು ಮೂರು ಇಲಿ ಚರ್ಮ. ಬಣ್ಣ ಸ್ವಲ್ಪ ಕಪ್ಪು, ಬಾಲ ಸ್ವಲ್ಪ ಉದ್ದ, ಅಷ್ಟೇ. ಇಡಬೇಕಾದ ಹೆಸರು ಮಾತ್ರ ಆಗಲೇ ರೆಡಿ ಇರುತ್ತದೆ.

ಹುಡುಗರ ಉತ್ಸಾಹ ನನಗೂ ಇಷ್ಟ. ಆದರೆ ಎಷ್ಟು ಸಲ ಹೇಳಿದರೂ ಒಂದು ವಿಷಯ ತಲೆಗೆ ಇಳಿಯುತ್ತಿಲ್ಲ. ಉಪಪ್ರಭೇದ ಅಂದರೆ ಒಂದೇ ಪ್ರಭೇದದೊಳಗೆ ಒಂದು ಜಾಗದ ಬೇರೆ ಥರದ ಗುಂಪು. ಅದು ಆ ಇಡೀ ಗುಂಪಿನ ಗುಣ, ಒಂದು ಪ್ರಾಣಿಯದಲ್ಲ. ನಿಮ್ಮ ಕೈಯಲ್ಲಿರುವ ಇಲಿ ಬೇರೆ ಥರ ಇದೆ, ಸರಿ. ಪಕ್ಕದ ಬಿಲದ್ದು ಹೇಗಿದೆ? ಅದೇ ಹೊಲದಲ್ಲಿ ಬೇಸಿಗೆಯಲ್ಲಿ ಹಿಡಿದದ್ದು? ಐವತ್ತು ಮೈಲಿ ಆಚೆಯದು? ತೇವ ಜಾಸ್ತಿ ಇರುವ ಕಡೆ ಎಷ್ಟೋ ಪ್ರಾಣಿಗಳು ಕಪ್ಪಾಗಿರುತ್ತವೆ, ಒಣ ಬಯಲಿಗೆ ಬಂದಂತೆ ತಿಳಿಯಾಗುತ್ತವೆ. ಘಟ್ಟದ ಇಲಿ ಒಂದು, ಬಯಲುಸೀಮೆಯದು ಒಂದು ಹಿಡಿದು ಎರಡು ಹೆಸರಿಟ್ಟರೆ, ನಡುವಿನ ಊರಿನ ಇಲಿಯನ್ನು ಏನಂತ ಕರೆಯೋಣ? ನಡುವೆ ಬಣ್ಣ ನಿಧಾನಕ್ಕೆ ಬದಲಾಗುತ್ತದೋ, ಒಂದು ಹೊಳೆ ದಾಟಿದ ಕೂಡಲೇ ಬದಲಾಗುತ್ತದೋ, ಅದನ್ನು ಮೊದಲು ನೋಡಬೇಕು. ಒಂದು ಕಡೆಯ ನೂರರಲ್ಲಿ 75 ಪ್ರಾಣಿಗಳನ್ನಾದರೂ ಇನ್ನೊಂದು ಕಡೆಯ ಬಹುಪಾಲು ಎಲ್ಲವುಗಳಿಂದ ಬೇರ್ಪಡಿಸಲು ಆಗಬೇಕು ಅನ್ನೋ ಹಳೆಯ ಲೆಕ್ಕವಿದೆ. ಎಲ್ಲರೂ ಒಪ್ಪುವುದಿಲ್ಲ. ಆದರೂ ಮೂರು ಚರ್ಮ ಇಟ್ಟುಕೊಂಡು ಆ ಲೆಕ್ಕ ಶುರು ಮಾಡಲಿಕ್ಕೂ ಆಗಲ್ಲ, ಅಲ್ವಾ?

ಎರಡು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿ ಕೊಡಗಿನ ಒಂದು ಕಾಫಿ ತೋಟದಿಂದ ನಾಲ್ಕು ಚಿಟ್ಟಿಲಿ ತಂದಳು. ಬೂದು ಬಣ್ಣ, ನಮ್ಮಲ್ಲಿದ್ದ ಚರ್ಮಗಳಿಗಿಂತ ಸ್ವಲ್ಪ ಕಪ್ಪು. ನಾನು ತಲೆಬುರುಡೆ ಎತ್ತಿ ಮಸೂರದ ಕೆಳಗೆ ಇಟ್ಟೆ. ನಾಲ್ಕು ಇಲಿಗಳಲ್ಲಿ ಮೂರರ ದವಡೆ ಹಲ್ಲಿನ ಉಬ್ಬುಗಳು ಇನ್ನೂ ಚೂಪಾಗಿದ್ದವು, ಸವೆದೇ ಇರಲಿಲ್ಲ. ಎಳೆಯವು. ಎಳೆ ಇಲಿಯ ತುಪ್ಪಳ ಬೂದಾಗಿಯೇ ಇರುತ್ತದೆ. ಆಮೇಲೆ ಅಳತೆ ನೋಡಿದೆ. ಹಿಂಗಾಲಿನ ಪಾದ ನಮ್ಮ ಹಳೆಯ ಚರ್ಮಗಳಿಗೆ ಕಟ್ಟಿದ ಚೀಟಿಗಳಲ್ಲಿ ಇರುವುದಕ್ಕಿಂತ ಒಂದು ಮಿಲಿಮೀಟರ್ ಉದ್ದ. ಚಿಟ್ಟಿಲಿಯ ಪಾದ ಇರೋದೇ ಹದಿನೈದು ಇಪ್ಪತ್ತು ಮಿಲಿಮೀಟರ್, ಅದರಲ್ಲಿ ಒಂದು ಅಂದರೆ ದೊಡ್ಡದೇ. "ಉಗುರು ಸೇರಿಸಿ ಅಳೆದೆಯಾ?" ಅಂದೆ. ಹೌದಂತೆ. ಬ್ರಿಟಿಷ್ ಸಂಗ್ರಾಹಕರು ಸಾಮಾನ್ಯವಾಗಿ ಉಗುರು ಬಿಟ್ಟು ಅಳೆಯುತ್ತಿದ್ದರು, ಅಮೆರಿಕದವರು ಸೇರಿಸಿ. ಅದನ್ನು ಬರೆದಿಡದಿದ್ದರೆ ಅಳೆದವರ ಅಭ್ಯಾಸವೇ ಇಲಿಯ ಲಕ್ಷಣ ಆಗಿಬಿಡುತ್ತದೆ. ಪಾಪ, ಅವಳ ಮುಖ ಸಪ್ಪಗಾಯಿತು. ನನಗೂ ಬೇಜಾರಾಯಿತು.

"ಹಿಂದಿನವರು ಕಡಿಮೆ ಮಾದರಿ ನೋಡಿಯೇ ಹೆಸರಿಡಲಿಲ್ವಾ?" ಅಂತ ಕೇಳುತ್ತಾರೆ. ಇಟ್ಟರು. ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಧಾರವಾಡದ ಕಡೆ ಸಂಗ್ರಹಿಸಿದ ಇಲಿಗಳಿಗೆ ಪ್ರಾಣಿಶಾಸ್ತ್ರಜ್ಞ ಗ್ರೇ 1837ರಲ್ಲಿ ಹೆಸರು ಕೊಟ್ಟ. ಅದರಲ್ಲಿ 'ಕೊಕ್' ಅನ್ನೋದು ನಮ್ಮ ರೈತರ ಬಾಯಿಂದ ಬಂದ ಪದ. ಆ ಹೆಸರು ಈಗ ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್ ಅನ್ನೋ ಹೆಗ್ಗಣದ ಪ್ರಭೇದದೊಳಗೆ ಸೇರಿಹೋಗಿದೆ. 1916ರಲ್ಲಿ ರಾಟನ್ ಅನ್ನೋ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ನಮ್ಮ ಬಳ್ಳಾರಿಯ ಅಳಿಲಿಗೆ ಬೆಲ್ಲಾರಿಕಸ್ ಅಂತ ಉಪಪ್ರಭೇದದ ಹೆಸರಿಟ್ಟ. ಆಗ ಹೋಲಿಸಲು ಇದ್ದದ್ದೇ ಅಷ್ಟು. ಅವರು ಜಾಗ, ತಾರೀಖು, ಅಳತೆ ನೆಟ್ಟಗೆ ಬರೆದು ಚರ್ಮಕ್ಕೆ ಚೀಟಿ ಕಟ್ಟಿಟ್ಟರು, ಅದರಿಂದ ನಾವು ಇವತ್ತೂ ತಿದ್ದಬಹುದು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಆಸ್ಗುಡ್ ಅನ್ನೋ ಪ್ರಾಣಿಶಾಸ್ತ್ರಜ್ಞ ಅಲ್ಲಿನ ಪೆರೊಮಿಸ್ಕಸ್ ಅನ್ನೋ ಕುಲದ ಇಲಿಗಳ ಬಗ್ಗೆ 1909ರಲ್ಲಿ ಬರೆಯುವಾಗ 27,000ಕ್ಕೂ ಹೆಚ್ಚು ಮಾದರಿ ನೋಡಿದ್ದ.

ಹೆಸರು ಸುಮ್ನೆ ಕಾಗದದ ಮೇಲೆ ಉಳಿಯುವುದೂ ಇಲ್ಲ. ಅಮೆರಿಕದ ಕೊಲರಾಡೊ, ವಯೋಮಿಂಗ್ ಕಡೆ ಹೊಳೆದಂಡೆಯಲ್ಲಿ ಜಿಗಿಯುವ ಇಲಿಯೊಂದಿದೆ. ಅದಕ್ಕೆ 1954ರಲ್ಲಿ ಪ್ರೆಬ್ಲಿ ಅಂತ ಉಪಪ್ರಭೇದದ ಹೆಸರಿಟ್ಟರು, ಬೆರಳೆಣಿಕೆಯ ಮಾದರಿ ನೋಡಿ. 1998ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಅದು ಇರುವ ಕಡೆ ಮನೆ, ರಸ್ತೆ ಕಟ್ಟುವುದಕ್ಕೆ ಕಟ್ಟುಪಾಡು ಬಂತು. 2005ರಲ್ಲಿ ಒಂದು ತಂಡ ಇದು ಬೇರೆ ಉಪಪ್ರಭೇದವೇ ಅಲ್ಲ ಅಂದಿತು. 2006ರಲ್ಲಿ ಇನ್ನೊಂದು ತಂಡ ಡಿಎನ್‌ಎ ಹೆಚ್ಚು ನೋಡಿ, ಬೇರೆಯೇ ಅಂದಿತು. ಇಲಿ ಉಳಿಯಬೇಕೋ ಬೇಡವೋ ಅನ್ನೋ ಜಗಳ ಬಂದು ನಿಂತದ್ದು ಆ ಹೆಸರಿನ ಮೇಲೆ. ಶುರುವಿನಲ್ಲೇ ಮಾದರಿ ಸಾಕಷ್ಟಿದ್ದರೆ ಇಷ್ಟು ಎಳೆದಾಟ ಆಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ನಮ್ಮ ಘಟ್ಟಗಳಲ್ಲಿ ಹೊಸದು ಇಲ್ಲ ಅಂತ ನಾನು ಹೇಳುತ್ತಿಲ್ಲ. ಇರಬಹುದು. ಆ ಹುಡುಗಿ ಅದೇ ತೋಟಕ್ಕೆ ಎರಡು ಮಳೆಗಾಲ, ಎರಡು ಬೇಸಿಗೆ ಹೋಗಿ ಬಂದಿದ್ದಾಳೆ. ಈಗ ಹಿಡಿದು, ಅಳೆದು, ಕಿವಿಯಿಂದ ಚೂರು ಅಂಗಾಂಶ ತೆಗೆದು ಬಿಟ್ಟುಬಿಡುತ್ತಾಳೆ. ಹೋದ ವಾರ ಪಟ್ಟಿ ಕಳಿಸಿದಳು. ಪಾದದ ಅಳತೆಯ ಮೇಲೆ 'ಉಗುರು ಬಿಟ್ಟು' ಅಂತ ಕೆಂಪು ಅಕ್ಷರದಲ್ಲಿ ಬರೆದಿದ್ದಾಳೆ. ಎಳೆಯವನ್ನು ಬೇರೆ ಮಾಡಿದ್ದಾಳೆ. ಒಂದು ಮಿಲಿಮೀಟರ್ ವ್ಯತ್ಯಾಸ ಹೋಯಿತು. ಆದರೆ ಬೆಳೆದವುಗಳಲ್ಲೂ ಬಣ್ಣದ ವ್ಯತ್ಯಾಸ ಸ್ವಲ್ಪ ಉಳಿದಿದೆ. ಘಟ್ಟಕ್ಕೂ ಬಯಲಿಗೂ ನಡುವಿನ ಹುಣಸೂರಿನ ಕಡೆಯಿಂದ ಇನ್ನೂ ಒಂದೂ ಇಲಿ ನೋಡಿಲ್ಲ. ಈ ಬೇಸಿಗೆಗೆ ಅಲ್ಲಿಗೆ ಹೋಗು ಅಂದಿದ್ದೇನೆ.