ಸಿಇ ಮಾರ್ಕ್ ಯಾರೂ ಕೊಡುವುದಿಲ್ಲ, ನೀವೇ ಹಾಕಬೇಕು

"ಸಾರ್, ಸಿಇ ಸರ್ಟಿಫಿಕೇಟ್ ಮಾಡಿಸಿಕೊಡ್ತೀರಾ? ಎಷ್ಟಾಗುತ್ತೆ?" ಜಿಗಣಿ, ಇಳಕಲ್ ಕಡೆಯ ಗ್ರಾನೈಟ್ ಫ್ಯಾಕ್ಟರಿಯವರು ಯುರೋಪಿನ ಮೊದಲ ಆರ್ಡರ್ ಸಿಕ್ಕ ಕೂಡಲೇ ಕೇಳುವ ಪ್ರಶ್ನೆ ಇದು. ಸಿಇ ಅಂದರೆ ಮಾಲು ಯುರೋಪಿನ ನಿಯಮದಂತೆ ಇದೆ ಅಂತ ತೋರಿಸುವ ಗುರುತು. ನೆಲಕ್ಕೆ ಹಾಸುವ ಕಲ್ಲಿಗೆ ಅಂಥ ಸರ್ಟಿಫಿಕೇಟ್ ಹೊರಗಿನವರು ಯಾರೂ ಕೊಡುವುದಿಲ್ಲ. ಕಲ್ಲನ್ನು ಲ್ಯಾಬಿಗೆ ಕಳಿಸಿ, ಬಂದ ಅಂಕಿಗಳನ್ನು ಡಿಒಪಿ ಎನ್ನುವ ಘೋಷಣಾ ಪತ್ರದಲ್ಲಿ ಬರೆದು, ನೀವೇ ಸಹಿ ಹಾಕಿ, ನೀವೇ ಮಾರ್ಕ್ ಹಾಕಬೇಕು. 2013ರ ಜುಲೈ 1ರಿಂದ ಯುರೋಪಿನಲ್ಲಿ ಪೂರ್ತಿ ಜಾರಿಗೆ ಬಂದ ನಿಯಮ ಇದು. ಆ ಪತ್ರವನ್ನೂ ಅದರ ಹಿಂದಿನ ಕಡತವನ್ನೂ 10 ವರ್ಷ ಜೋಪಾನವಾಗಿ ಇಡಬೇಕು. 2024ರ ಹೊಸ ಕಾನೂನು ಬಂದಿದೆ ನಿಜ, ಆದರೆ ಕಲ್ಲಿಗೆ ಅದರ ಪ್ರಕಾರ ಹೊಸ ಮಾನದಂಡ ಬರುವವರೆಗೆ ಹಳೇ ದಾರಿಯೇ ನಡೆಯುತ್ತದೆ.

ದುಡ್ಡು ಕೊಟ್ಟರೆ ಒಂದೇ ದಿನದಲ್ಲಿ ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವವರನ್ನು ದಯವಿಟ್ಟು ನಂಬಬೇಡಿ.

ಮೊದಲು ಕೇಳಬೇಕಾದ್ದು, ಕಲ್ಲು ಎಲ್ಲಿಗೆ ಹೋಗುತ್ತದೆ ಅಂತ. ರಸ್ತೆ ಬದಿ, ಅಂಗಳಕ್ಕಾದರೆ ಇಎನ್ 1341 ಅನ್ನುವ ಯುರೋಪಿನ ಮಾನದಂಡ. ಮನೆಯೊಳಗಿನ ನೆಲ, ಮೆಟ್ಟಿಲಿಗೆ ಇಎನ್ 12058. ಗೋಡೆಗೆ ಇಎನ್ 1469. ಒಂದೇ ಬ್ಲಾಕಿನಿಂದ ಕೊಯ್ದ ಸ್ಲ್ಯಾಬ್ ಆದರೂ ಮೂರಕ್ಕೂ ಪತ್ರ ಬೇರೆ. ಫಿನಿಶ್ ಕೂಡ ನೋಡಬೇಕು. ನನ್ನ ಹತ್ತಿರ ಬಂದ ಒಬ್ಬರು ಪಾಲಿಶ್ ಕಲ್ಲಿನ ರಿಪೋರ್ಟ್ ಹಿಡಿದುಕೊಂಡು ಫ್ಲೇಮ್ಡ್ ಕಲ್ಲು ಕಳಿಸಲು ಹೊರಟಿದ್ದರು. ಬೆಂಕಿ ಕೊಟ್ಟಾಗ ಮೇಲ್ಮೈ ಸಿಡಿದು ಒರಟಾಗುತ್ತದೆ, ಜಾರುವ ಗುಣವೇ ಬದಲಾಗುತ್ತದೆ, ತೆಳು ಸ್ಲ್ಯಾಬಾದರೆ ಬಲವೂ ತಗ್ಗಬಹುದು. ಮಳೆ ಬಿದ್ದ ಫುಟ್‌ಪಾತಿನಲ್ಲಿ ವಯಸ್ಸಾದವರು ನಡೆಯುವಾಗ ಆ ಅಂಕಿಯ ಮೇಲೆ ಕಾಲಿಟ್ಟಂತೆ ಅಲ್ವಾ? ಹೊಸದಾಗಿ ಟೆಸ್ಟ್ ಮಾಡಿಸಿ ಅಂದೆ, ಮಾಡಿಸಿದರು.

ಹೊರಗೆ ಹಾಸುವ ಕಲ್ಲಾದರೆ ಹಿಮದ ಪರೀಕ್ಷೆಯೂ ಇದೆ. ಕಲ್ಲನ್ನು ನೀರಿನಲ್ಲಿ ನೆನೆಸಿ, ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿ, ಆಮೇಲೆ ಎಷ್ಟು ಭಾರ ಹೇರಿದರೆ ಮುರಿಯುತ್ತದೆ ಅಂತ ನೋಡುತ್ತಾರೆ. ಇದಕ್ಕೆ ವಾರಗಟ್ಟಲೆ ಸಮಯ ಬೇಕು. ಹಾಗಾಗಿ ಬೈಯರ್‌ಗೆ ದಿನಾಂಕ ಕೊಡುವ ಮೊದಲೇ ಲ್ಯಾಬಿಗೆ ಸ್ಯಾಂಪಲ್ ಕಳಿಸಿ. ಕ್ವಾರಿ ಬದಲಾದರೆ ಹಳೇ ರಿಪೋರ್ಟ್ ನಡೆಯುವುದಿಲ್ಲ.

ಕೊಯ್ಯದ ಬ್ಲಾಕ್ ಕಳಿಸುವವರಿಗೆ ಸಿಇ ಬೇಡ. ಸಮಾಧಿ ಕಲ್ಲಿಗೂ ಬೇಡ. ಆದರೆ ಚಾಮರಾಜನಗರದ ಕಪ್ಪು ಕಲ್ಲಿನಲ್ಲಿ ಸಮಾಧಿ ಕಲ್ಲು ಮಾಡಿ ಜರ್ಮನಿಗೆ ಕಳಿಸುವವರು ಗಮನಿಸಿ, ಬವೇರಿಯಾದಂಥ ಕೆಲವು ರಾಜ್ಯಗಳಲ್ಲಿ ಆ ಕಲ್ಲಿನ ಕೆಲಸದಲ್ಲಿ ಮಕ್ಕಳನ್ನು ದುಡಿಸಿಲ್ಲ ಅನ್ನುವುದಕ್ಕೆ ಪುರಾವೆ ಕೇಳುತ್ತಾರೆ. ಇದಕ್ಕೆ ಹೊರಗಿನ ಸಂಸ್ಥೆಯವರೇ ಬಂದು ಕ್ವಾರಿ, ಫ್ಯಾಕ್ಟರಿ ಎರಡನ್ನೂ ನೋಡುತ್ತಾರೆ. ಸುಮ್ನೆ ತಲೆನೋವು ಅಂತ ಗೊಣಗುವವರಿದ್ದಾರೆ. ನಾನಂತೂ ಇದನ್ನು ಮನಸಾರೆ ಒಪ್ಪುತ್ತೇನೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಮಾಲು ಬಂದರಿನಲ್ಲಿ ಸಿಕ್ಕಿಬೀಳುವುದು ಪ್ಯಾಕಿಂಗ್ ಮರದಿಂದ. ಕ್ರೇಟಿನ ಮರದ ಒಳಭಾಗವನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯಿಸಿ, ತೆನೆಯ ಚಿತ್ರ, ಐಎನ್ (ಭಾರತ), ಎಚ್‌ಟಿ (ಕಾಯಿಸಿದ ಮರ) ಇರುವ ಮುದ್ರೆ ಹಾಕಿರಬೇಕು. ಮರದಲ್ಲಿ ಹುಳ ಹೋಗಬಾರದು ಅಂತ ಈ ನಿಯಮ. ಒಮ್ಮೆ ಕ್ರೇಟಿಗೆಲ್ಲ ಮುದ್ರೆ ಇತ್ತು. ಸ್ಟಫಿಂಗ್ ದಿನ, ಅಂದರೆ ಕಂಟೇನರಿಗೆ ಮಾಲು ತುಂಬುವ ದಿನ, ಸ್ಲ್ಯಾಬ್ ಅಲುಗುತ್ತಿದೆ ಅಂತ ಹುಡುಗರು ಪಕ್ಕದಲ್ಲಿ ಬಿದ್ದಿದ್ದ ಹಸಿ ಮರದ ತುಂಡುಗಳನ್ನು ಬೆಣೆಯಾಗಿ ಬಡಿದರು. ತೊಗಟೆ ಕೂಡ ತೆಗೆದಿರಲಿಲ್ಲ. ಅಲ್ಲಿನ ಬಂದರಿನಲ್ಲಿ ಕಂಟೇನರ್ ತಡೆದರು, ಬಾಡಿಗೆ ದಿನ ದಿನಕ್ಕೂ ಏರಿತು. ಕಲ್ಲಿನಲ್ಲಿ ಒಂದು ದೋಷವೂ ಇರಲಿಲ್ಲ.

ಈಗ ನಾನು ಸ್ಟಫಿಂಗ್‌ಗೆ ಹೋದರೆ ಬಾಗಿಲು ಮುಚ್ಚುವ ಮೊದಲು ಟಾರ್ಚ್ ಹಿಡಿದು ಒಳಗೆ ಹೋಗಿ ಒಂದೊಂದು ಬೆಣೆ, ಒಂದೊಂದು ಅಡ್ಡಪಟ್ಟಿ ನೋಡುತ್ತೇನೆ, ಮುದ್ರೆಯ ಫೋಟೋ ತೆಗೆದು ಬೈಯರ್‌ಗೆ ಅಲ್ಲಿಂದಲೇ ಕಳಿಸುತ್ತೇನೆ.