ಕಬ್ಬಿನ ಟ್ರೇಲರ್‌ಗೆ ಗುದ್ದಿ ಕಾಲು ಮುರಿದಿದೆ: ಊರಲ್ಲೇ ಬಗೆಹರಿಸಿಕೊಳ್ಳಬೇಕೇ, ಕೇಸು ಹಾಕಬೇಕೇ?

ಮುಧೋಳ ತಾಲೂಕಿನ ಓದುಗರೊಬ್ಬರ ಪ್ರಶ್ನೆ: "ನನ್ನ ತಮ್ಮನಿಗೆ 28 ವರ್ಷ, ಗೌಂಡಿ ಕೆಲಸ ಮಾಡುತ್ತಾನೆ. ಹೋದ ತಿಂಗಳು ರಾತ್ರಿ ಊರಿಗೆ ಬರುವಾಗ, ಪಂಕ್ಚರ್ ಆಗಿ ರಸ್ತೆಯ ಮೇಲೆಯೇ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಬೈಕ್ ಗುದ್ದಿ ತೊಡೆಯ ಎಲುಬು ಮುರಿದಿದೆ. ಆಪರೇಷನ್ ಮಾಡಿ ರಾಡ್ ಹಾಕಿದ್ದಾರೆ. ಟ್ರೇಲರ್‌ಗೆ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇರಲಿಲ್ಲ. ತಮ್ಮನ ಬಳಿ ಲೈಸೆನ್ಸ್ ಇಲ್ಲ. ಟ್ರ್ಯಾಕ್ಟರ್ ಮಾಲೀಕರು 40,000 ರೂಪಾಯಿ ಕೊಡುತ್ತೇವೆ ಎನ್ನುತ್ತಾರೆ. 'ಕೇಸ್ ಬ್ಯಾಡ, ಊರಾಗ ಕುಂತು ಬಗಿಹರಸೂಣು' ಎಂದು ಹಿರಿಯರೂ ಹೇಳುತ್ತಿದ್ದಾರೆ. ಗುದ್ದಿದವರು ನಾವೇ ಆಗಿರುವಾಗ ನಮಗೆ ಪರಿಹಾರ ಸಿಗುತ್ತದೆಯೇ?"

ಪರಿಹಾರ ಕೇಳುವ ಹಕ್ಕು ನಿಮ್ಮ ತಮ್ಮನಿಗೆ ಖಂಡಿತ ಇದೆ. ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬ ಮಾತು ನಮ್ಮ ಕಡೆ ಎಷ್ಟು ಬೇರೂರಿದೆಯೆಂದರೆ, ಕಾಲು ಮುರಿದುಕೊಂಡವರೇ ಅದನ್ನು ನಂಬಿ ಸುಮ್ಮನಾಗಿಬಿಡುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಬೇರೆಯವರಿಗೆ ಅಪಾಯವಾಗುವಂತೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 122ನೆಯ ಕಲಮಿನಲ್ಲಿಯೇ ಇದೆ. ಹಂಗಾಮಿನ ದಿನಗಳಲ್ಲಿ ಮುಧೋಳ–ಜಮಖಂಡಿ ರಸ್ತೆಯಲ್ಲಿ ರಾತ್ರಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಟ್ರೇಲರ್‌ನ ಹಿಂಬದಿಗೆ ದೀಪವಿದ್ದರೂ ಹೊರಗೆ ಚಾಚಿಕೊಂಡ ಕಬ್ಬು ಮತ್ತು ಇಳಿಬಿದ್ದ ರವದಿ ಅದನ್ನು ಮುಚ್ಚಿರುತ್ತವೆ, ಎದುರಿನಿಂದ ಬರುವ ವಾಹನದ ಬೆಳಕು ಕಣ್ಣಿಗೆ ಹೊಡೆದ ಆ ಕ್ಷಣದಲ್ಲಿ ಇಡೀ ಹೇರು ಕತ್ತಲೆಯೊಳಗೆ ಕರಗಿಹೋಗಿರುತ್ತದೆ. ಬೈಕ್ ಸವಾರನೂ ಅಜಾಗರೂಕನಾಗಿದ್ದ ಎಂದು ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿಗೆ ಕಂಡುಬಂದರೆ ಅವನ ಪಾಲಿನ ತಪ್ಪಿಗೆ ತಕ್ಕಷ್ಟು ಮೊತ್ತವನ್ನು ಕಡಿತ ಮಾಡುತ್ತದೆ. ಕಾಲು ಭಾಗ ತಪ್ಪು ಅವನದೆಂದಾದರೆ ಉಳಿದ ಮುಕ್ಕಾಲು ಭಾಗ ಸಿಗಲೇಬೇಕು. ಲೈಸೆನ್ಸ್ ಇಲ್ಲದ್ದು ಬೇರೆಯದೇ ಅಪರಾಧ, ಅದಕ್ಕೆ ದಂಡ ಬೀಳಬಹುದು. ಆದರೆ ಲೈಸೆನ್ಸ್ ಇಲ್ಲ ಎಂಬ ಒಂದೇ ಕಾರಣಕ್ಕೆ ಅಪಘಾತದಲ್ಲಿ ಅವನ ತಪ್ಪೂ ಇದೆ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿಯೇ ಹೇಳಿದೆ.

ಇಂಥ ಕೇಸುಗಳು ನೆಲಕಚ್ಚುವುದು ಹೆಚ್ಚಾಗಿ ಮೊದಲ ವಾರದ ಕಾಗದಗಳಿಂದ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಗಾಯಾಳುವನ್ನು ಆಸ್ಪತ್ರೆಗೆ ತಂದ ಗಡಿಬಿಡಿಯಲ್ಲಿ 'ಏನಾಯಿತು?' ಎಂದು ಕೇಳಿದಾಗ, ಜೊತೆಯಲ್ಲಿದ್ದವರು 'ಗಾಡಿ ಮೇಲಿಂದ ಬಿದ್ದಾನ್ರೀ' ಎಂದುಬಿಡುತ್ತಾರೆ. ಕೇಸ್ ಶೀಟಿನ ಮೊದಲ ಪುಟದಲ್ಲಿ ಅದು 'ಬೈಕಿನಿಂದ ತಾನೇ ಬಿದ್ದು ಗಾಯ' ಎಂದು ದಾಖಲಾಗುತ್ತದೆ. ನಾನು ನಡೆಸಿದ ಒಂದು ಕೇಸಿನಲ್ಲಿ ವಿಮಾ ಕಂಪನಿಯ ವಕೀಲರು ಎರಡು ವರ್ಷಗಳ ನಂತರ ಇಂಥದೇ ಒಂದು ಸಾಲನ್ನು ಎತ್ತಿ ತೋರಿಸಿದರು; ಟ್ರ್ಯಾಕ್ಟರ್ ಸ್ಥಳದಲ್ಲಿ ಇರಲೇ ಇಲ್ಲ, ನಂತರ ತಂದು ಸೇರಿಸಿದ್ದಾರೆ ಎಂಬುದು ಅವರ ವಾದ. ಆ ಸಾಲನ್ನು ಬರೆಸಿದ ಗಾಯಾಳುವಿನ ಮಾವ ಸಾಕ್ಷಿಕಟ್ಟೆಯಲ್ಲಿ ನಿಂತು ಅತ್ತರು. ನೀವು ಇಂದೇ ಆಸ್ಪತ್ರೆಗೆ ಹೋಗಿ ಕೇಸ್ ಶೀಟಿನ ಪ್ರತಿ ಕೇಳಿ, ಮೊದಲ ಪುಟದಲ್ಲಿ ಏನು ಬರೆದಿದೆ ಎಂದು ಓದಿಸಿ ನೋಡಿ.

ಪೊಲೀಸ್ ದೂರು ಇನ್ನೂ ಆಗಿಲ್ಲವೆಂದು ನಿಮ್ಮ ಮಾತಿನಿಂದ ತಿಳಿಯುತ್ತದೆ. ತಿಂಗಳು ಕಳೆದಿದ್ದರೂ ಕೊಡಿ, ತಡವಾದ ಕಾರಣವನ್ನು ಇದ್ದದ್ದು ಇದ್ದಂತೆ ಬರೆಯಿರಿ: ಆಪರೇಷನ್ ಇತ್ತು, ಹಿರಿಯರು ರಾಜಿಯ ಮಾತು ಆಡುತ್ತಿದ್ದರು. ಎಫ್‌ಐಆರ್ ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ದೂರಿನಲ್ಲಿ ದೀಪ, ರಿಫ್ಲೆಕ್ಟರ್ ಇರಲಿಲ್ಲ, ಹಿಂದೆ ಕಲ್ಲು ಅಥವಾ ಗಿಡದ ಟೊಂಗೆಯನ್ನೂ ಇಟ್ಟಿರಲಿಲ್ಲ ಎಂಬ ವಿವರ ಬರಲೇಬೇಕು. ಅದು ಬರದಿದ್ದರೆ ತನಿಖೆ ನಿಮ್ಮ ತಮ್ಮನ ವಿರುದ್ಧವೇ ತಿರುಗಬಹುದು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಲು ಕಾನೂನಿನಲ್ಲಿ ಅವಕಾಶವಿದೆ. ಎಫ್‌ಐಆರ್, ಪಂಚನಾಮೆ, ಸ್ಥಳದ ನಕ್ಷೆ, ಗಾಯದ ಪ್ರಮಾಣಪತ್ರ, ಕೊನೆಗೆ ಚಾರ್ಜ್‌ಶೀಟ್, ಇವುಗಳ ಪ್ರತಿಗಳೇ ಮುಂದೆ ನಿಮ್ಮ ಎಂವಿಸಿ ಅರ್ಜಿಯ (ಅಪಘಾತ ಪರಿಹಾರದ ಅರ್ಜಿಯ) ಬೆನ್ನೆಲುಬು.

ಇನ್ನು 40,000 ರೂಪಾಯಿಯ ಮಾತು. ಎಲುಬು ಮುರಿದರೆ ಅದು ಪೊಲೀಸರ ಭಾಷೆಯಲ್ಲಿ 'ಭಾರಿ ಗಾಯ'. ಭಾರಿ ಗಾಯಕ್ಕೆ ಯಾರ ತಪ್ಪೆಂದು ಸಾಬೀತು ಮಾಡದೆಯೇ 2.5 ಲಕ್ಷ ರೂಪಾಯಿ ಕೇಳಲು ಕಾಯ್ದೆಯ 164ನೆಯ ಕಲಂ ದಾರಿ ಕೊಡುತ್ತದೆ. ತಪ್ಪನ್ನು ಸಾಬೀತುಪಡಿಸಿ ನಿಜವಾದ ನಷ್ಟವನ್ನೆಲ್ಲ ಕೇಳುವುದು 166ನೆಯ ಕಲಮಿನಲ್ಲಿ. ನಿಮ್ಮ ತಮ್ಮನ ಲೆಕ್ಕವನ್ನೇ ಹಾಕಿ ನೋಡೋಣ. ತಿಂಗಳ ದುಡಿಮೆ 15,000 ಎಂದು ಇಟ್ಟುಕೊಳ್ಳೋಣ. ಸ್ವಂತ ದುಡಿಮೆಯವನಾಗಿ 40 ವರ್ಷದೊಳಗಿನವನಾದ್ದರಿಂದ ಮುಂದಿನ ಏಳಿಗೆಯ ಲೆಕ್ಕದಲ್ಲಿ ಶೇ. 40 ಸೇರಿಸಿದರೆ 21,000, ವರ್ಷಕ್ಕೆ 2,52,000. ವರ್ಷದ ಈ ಮೊತ್ತವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ; 26ರಿಂದ 30 ವಯಸ್ಸಿಗೆ ಗುಣಕ 17, ಅಂದರೆ 42,84,000. ಇದರಲ್ಲಿ ಅಂಗವೈಕಲ್ಯದ ಪಾಲು ಎಷ್ಟೋ ಅಷ್ಟು ಸಿಗುತ್ತದೆ. ಇಡೀ ದೇಹಕ್ಕೆ ಶೇ. 12 ಎಂದು ವೈದ್ಯರು ಹೇಳಿದರೆ 5,14,080. ಆದರೆ 2010ರ ರಾಜ್‌ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ ನೋಡಬೇಕಾದದ್ದು ವೈದ್ಯರು ಕೊಟ್ಟ ಅಂಕಿಯೊಂದನ್ನೇ ಅಲ್ಲ, ಆ ಗಾಯ ಅವನ ದುಡಿಮೆಯನ್ನು ಎಷ್ಟು ಕಿತ್ತುಕೊಂಡಿದೆ ಎಂಬುದನ್ನು. ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆಯುವವನಿಗೂ, ಸಿಮೆಂಟಿನ ಬುಟ್ಟಿ ಹೊತ್ತು ಅಟ್ಟಣಿಗೆ ಏರುವವನಿಗೂ ತೊಡೆಯೊಳಗಿನ ರಾಡ್ ಒಂದೇ ಅಲ್ಲ. ಗೌಂಡಿ ಎಂಬ ಕಾರಣಕ್ಕೆ ನ್ಯಾಯಮಂಡಳಿ ಅದನ್ನು ಶೇ. 20 ಎಂದು ಒಪ್ಪಿದರೆ ಅದೇ ಲೆಕ್ಕ 8,56,800 ಆಗುತ್ತದೆ. ಚಿಕಿತ್ಸೆಯ ಬಿಲ್ಲುಗಳು, ಕೂತು ಉಂಡ ತಿಂಗಳುಗಳ ದುಡಿಮೆ, ನೋವು, ಮುಂದೆ ರಾಡ್ ತೆಗೆಸುವ ಆಪರೇಷನ್ನಿನ ಖರ್ಚು, ಇವೆಲ್ಲ ಬೇರೆ. ಇದಾವುದೂ ಖಚಿತ ಮೊತ್ತವಲ್ಲ, ನ್ಯಾಯಮಂಡಳಿ ಲೆಕ್ಕ ಹಾಕುವ ಬಗೆ ಮಾತ್ರ. ಆದರೂ 40,000ಕ್ಕೆ ಸಹಿ ಮಾಡುವ ಮುನ್ನ ನಿಮ್ಮ ತಮ್ಮನಿಗೆ ಈ ಲೆಕ್ಕ ಗೊತ್ತಿರಬೇಕು.

ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಈ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಾಗಲಕೋಟೆಯ ನವನಗರದವರೆಗೆ ಹೋಗಬೇಕೆಂದೂ ಇಲ್ಲ, ಮುಧೋಳದ ಹಿರಿಯ ಸಿವಿಲ್ ನ್ಯಾಯಾಲಯದಲ್ಲಿಯೂ ಇಂಥ ಕೇಸು ನಡೆಯುತ್ತವೆ. ವಕೀಲರ ಖರ್ಚು ಭರಿಸಲಾಗದಿದ್ದರೆ 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವು ಕೇಳಿ. ಆಸ್ಪತ್ರೆಯ ವಾರ್ಡಿಗೇ ಬಂದು 'ಬಂದದ್ದರಲ್ಲಿ ಇಷ್ಟು ಪಾಲು ಕೊಡಿ' ಎನ್ನುವ ಏಜೆಂಟರಿಗೆ ಖಾಲಿ ಕಾಗದದ ಮೇಲೆ ಸಹಿ ಮಾಡಿಕೊಡಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರಿಗೇ ನಿಷಿದ್ಧ.

ಹಿರಿಯರ ಮನಸ್ಸು ನೋಯಿಸದೆ ಇದನ್ನು ಹೇಗೆ ಹೇಳುವುದೆಂಬ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತದೆ. ವಿಮೆ ಚಾಲ್ತಿಯಲ್ಲಿದ್ದರೆ ಹಣ ಕೊಡಬೇಕಾದದ್ದು ವಿಮಾ ಕಂಪನಿ, ಮಾಲೀಕರು ಪ್ರೀಮಿಯಂ ತುಂಬಿದ್ದೇ ಅದಕ್ಕಾಗಿ ಎಂದು ಅವರಿಗೆ ತಿಳಿಸಿ ಹೇಳಿ. ಪಾಲಿಸಿಯ ಷರತ್ತು ಮುರಿದಿದ್ದರೂ ಮೊದಲು ಕಂಪನಿಯೇ ಗಾಯಾಳುವಿಗೆ ಕೊಟ್ಟು ನಂತರ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಅನೇಕ ಕೇಸುಗಳಲ್ಲಿ ಆದೇಶಿಸಿವೆ. ವಿಮೆಯೇ ಇಲ್ಲದಿದ್ದರೆ ಮಾತ್ರ ಹೊರೆ ಮಾಲೀಕರ ಮೇಲೆಯೇ ಬೀಳುತ್ತದೆ, ಅವರು ರಾಜಿಗೆ ಅವಸರಪಡುವುದು ಅದಕ್ಕೇ ಇರಬಹುದು. ಆದ್ದರಿಂದ ಮಾತುಕತೆಗೆ ಕೂರುವ ಮೊದಲು ಟ್ರ್ಯಾಕ್ಟರ್‌ನ ನಂಬರ್, ಅದರ ಜೊತೆಗೆ ಪ್ರತಿ ಟ್ರೇಲರ್‌ನ ಬೇರೆ ನಂಬರ್ ಬರೆದುಕೊಳ್ಳಿ. ಒಂದಕ್ಕೆ ವಿಮೆ ಇದ್ದು ಇನ್ನೊಂದಕ್ಕೆ ಇಲ್ಲದಿರುವುದು ನಮ್ಮ ಕಡೆ ಅಪರೂಪವೇನಲ್ಲ.