ಬ್ಯಾಂಕಿನ ಬಂಡವಾಳ ತಿಜೋರಿಯಲ್ಲಿ ಸುಮ್ನೆ ಬಿದ್ದಿರುತ್ತಾ?

ಪ್ರಶ್ನೆ: ಬ್ಯಾಂಕುಗಳು ಇಂತಿಷ್ಟು ಬಂಡವಾಳ ಇಟ್ಟುಕೊಳ್ಳಲೇಬೇಕು ಅಂತ ನಿಯಮ ಇದೆಯಲ್ಲ, ಆ ದುಡ್ಡನ್ನೂ ಸಾಲ ಕೊಟ್ಟರೆ ಎಲ್ಲರಿಗೂ ಒಳ್ಳೆಯದಲ್ವಾ?

ಅದು ಆಗಲೇ ಸಾಲವಾಗಿ ಹೋಗಿರುತ್ತದೆ. ತಪ್ಪು ನಿಮ್ಮದಲ್ಲ, 'ಇಟ್ಟುಕೊಳ್ಳಬೇಕು' ಅನ್ನುವ ಮಾತಿನದು, ಅದನ್ನು ಕೇಳಿದರೆ ಯಾರಿಗಾದರೂ ಮೊದಲು ತಿಜೋರಿಯೇ ನೆನಪಾಗುತ್ತದೆ. ನಗದು ಎಷ್ಟಿರಬೇಕು ಅನ್ನುವುದಕ್ಕೆ ಬೇರೆಯೇ ನಿಯಮಗಳಿವೆ. ಬಂಡವಾಳದ ನಿಯಮ ಕೇಳುವುದು ಇಷ್ಟೇ: ನೀವು ಕೊಟ್ಟ ಸಾಲದಲ್ಲಿ ಮಾಲೀಕರ ಸ್ವಂತ ದುಡ್ಡು ಎಷ್ಟು?

ಒಂದು ಬ್ಯಾಂಕ್ 100 ಸಾಲ ಕೊಟ್ಟಿದೆ ಅನ್ನಿ. 92 ಠೇವಣಿದಾರರದು, 8 ಷೇರುದಾರರದು. ಈ 8 ಬಂಡವಾಳ. ಸಾಲದಲ್ಲಿ 5 ಮುಳುಗಿತು ಅಂದರೆ ಉಳಿದದ್ದು 95, ಠೇವಣಿದಾರರಿಗೆ ಕೊಡಬೇಕಾದದ್ದು ಆಗಲೂ 92, ಹಾಗಾಗಿ ಏಟು ಪೂರ್ತಿ ಷೇರುದಾರರಿಗೆ, ಅವರ 8 ಕರಗಿ 3 ಆಗುತ್ತದೆ. 10 ಮುಳುಗಿದ್ದರೆ? ಅವರದು ಖಾಲಿ, ಠೇವಣಿದಾರರ ದುಡ್ಡಿನಲ್ಲೂ 2 ಕೊರತೆ.

ಈ 8 ನಾನು ಬಾಯಿಗೆ ಬಂದಂತೆ ಹೇಳಿದ್ದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೇರುವ, ಹಲವು ದೇಶಗಳ ಬ್ಯಾಂಕ್ ನಿಯಂತ್ರಕರ ಸಮಿತಿಯೊಂದು 1988ರಲ್ಲಿ ಹಾಕಿದ ಕನಿಷ್ಠ ಮಿತಿ ಶೇ. 8. ಆದರೆ ಯಾವುದರ ಶೇ. 8? ಇಲ್ಲಿದೆ ನೋಡಿ ಕಿತಾಪತಿ. ಪ್ರತಿ ಸಾಲಕ್ಕೂ ಒಂದು ರಿಸ್ಕ್ ತೂಕ ಹಾಕಿ, ಅದರಿಂದ ಬಂದ ಮೊತ್ತದ ಮೇಲೆ ಲೆಕ್ಕ. ಆ ಮೊದಲ ನಿಯಮದಲ್ಲಿ ಕಂಪನಿಗೆ ಕೊಟ್ಟ 100ಕ್ಕೆ ಪೂರ್ತಿ 100, ಮನೆಸಾಲಕ್ಕೆ 50, ಶ್ರೀಮಂತ ದೇಶದ ಸರ್ಕಾರಕ್ಕೆ ಕೊಟ್ಟರೆ ಸೊನ್ನೆ. ಸೊನ್ನೆ ಅಂದರೆ ಬಂಡವಾಳವೇ ಬೇಡ! ಗ್ರೀಸ್ ಸರ್ಕಾರದ ಬಾಂಡುಗಳಿಗೂ ಯುರೋಪಿನ ಬ್ಯಾಂಕುಗಳು ಇದೇ ಸೊನ್ನೆ ಹಾಕಿಕೊಂಡಿದ್ದವು. 2012ರಲ್ಲಿ ಅಂಥ ಬಾಂಡು ಇದ್ದ ಖಾಸಗಿಯವರು ಮುಖಬೆಲೆಯ ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಡಬೇಕಾಯಿತು.

2008ರ ಹಣಕಾಸು ಬಿಕ್ಕಟ್ಟಿನ ಏಟಿನ ನಂತರ ಬಂದ ಬಾಸೆಲ್ 3ರಲ್ಲೂ, ಅಂದರೆ ಅದೇ ಸಮಿತಿಯ ಮೂರನೇ ನಿಯಮಾವಳಿಯಲ್ಲೂ, ಶೇ. 8 ಹಾಗೇ ಇದೆ, ಆದರೆ ಅದರಲ್ಲಿ 4.5 ಅಪ್ಪಟ ಷೇರು ಬಂಡವಾಳ ಮತ್ತು ಕೂಡಿಟ್ಟ ಲಾಭವೇ ಆಗಿರಬೇಕು. ಮೇಲೆ ಇನ್ನೊಂದು 2.5 ಮೆತ್ತೆ ಇದೆ, ಅದಕ್ಕೆ ಕೈ ಹಾಕಿದರೆ ಡಿವಿಡೆಂಡ್, ಬೋನಸ್ಸಿಗೆ ಕಡಿವಾಣ. ಜೊತೆಗೆ ಯಾವ ರಿಸ್ಕ್ ತೂಕವನ್ನೂ ನೋಡದೆ, ಕೊಟ್ಟ ಸಾಲ ಮುಂತಾದ ಎಲ್ಲದರ ಪೂರ್ತಿ ಮೊತ್ತದ ಮೇಲೆ ಕನಿಷ್ಠ ಶೇ. 3 ಬಂಡವಾಳ ಕೇಳುವ ಇನ್ನೊಂದು ಅಳತೆ. ನನ್ನ ಕೇಳಿದರೆ ಈ ಒರಟು ಅಳತೆಯೇ ವಾಸಿ, ಜಾಣತನ ತೋರಿಸೋಕೆ ಜಾಗ ಕಡಿಮೆ.

ಹಾಗಾದರೆ ಬಂಡವಾಳ ಜಾಸ್ತಿ ಕೇಳಿದಾಗ ಬ್ಯಾಂಕುಗಳು ಯಾಕೆ ಗೊಣಗುತ್ತವೆ? 100ರ ಮೇಲೆ 1 ಲಾಭ ಬಂತು ಅನ್ನಿ. ಷೇರುದಾರರು ಹಾಕಿದ್ದು 8 ಆದರೆ ಅವರಿಗೆ ಸಿಗುವುದು ಶೇ. 12.5, ಬರೀ 4 ಆದರೆ ಶೇ. 25. ಇಷ್ಟೇ ಗುಟ್ಟು.

ಆದರೂ ನಿಮ್ಮ ಅನುಮಾನದಲ್ಲಿ ಒಂದು ಎಳೆ ನಿಜವಿದೆ. ನಷ್ಟದಿಂದ ಬಂಡವಾಳ ಕರಗಿದ ಬ್ಯಾಂಕಿನ ಹೊಸ ಷೇರನ್ನು ಕೆಟ್ಟ ಕಾಲದಲ್ಲಿ ಯಾರೂ ಕೊಳ್ಳುವುದಿಲ್ಲ, ಆಗ ಅದಕ್ಕಿರುವ ಸುಲಭದ ದಾರಿ ಹೊಸ ಸಾಲ ನಿಲ್ಲಿಸುವುದು. ಅದಕ್ಕೇ ಬಾಸೆಲ್ 3ರಲ್ಲಿ ಇನ್ನೂ ಒಂದು ಮೆತ್ತೆ ಸೇರಿಸಿದ್ದಾರೆ. ಸಾಲ ಭರ್ಜರಿಯಾಗಿ ಏರುವ ವರ್ಷಗಳಲ್ಲಿ ಶೇ. 2.5ರವರೆಗೆ ಹೆಚ್ಚುವರಿ ಕಟ್ಟಿಸಿಕೊಂಡು, ಕಾಲ ಕೆಟ್ಟಾಗ ಆ ಷರತ್ತು ಸಡಿಲಿಸುತ್ತಾರೆ.